ಮುಚ್ಚಿದವರು, ನೋಡಿದವರು

ಆ ಶುಕ್ರವಾರ ಪದ್ಮನಾಭನಗರದಲ್ಲಿ ಎಂಥ ಬಿಸಿಲೆಂದರೆ, ಪಕ್ಕದ ಟ್ಯೂಷನ್ ಸೆಂಟರಿನವರು ಮಕ್ಕಳನ್ನು ಹೊರಗೆ ಹೊಂಗೆ ಮರದ ಕೆಳಗೆ ಕೂರಿಸಿ ಪಾಠ ಹೇಳುತ್ತಿದ್ದರು. ಯುಗಾದಿ ಕಳೆದು ಎರಡು ವಾರವಾಗಿತ್ತು. ನಾನು ವರ್ಕ್‌ಶಾಪಿನ ಷಟರ್ ಅರ್ಧ ಇಳಿಸಿ, ಅಂಗಿಯ ಗುಂಡಿ ಬಿಚ್ಚಿ, ಫ್ಯಾನಿನ ಕೆಳಗೆ ಕೂತಿದ್ದೆ. ನನ್ನ ಹೆಂಡತಿ ಹಸಿರು ಸ್ವೆಟರ್ ಹಾಕಿಕೊಂಡು ಒಳಗಿನ ಗಾಜಿನ ಕೋಣೆಗೆ ಹೊರಟಳು.

"ಬೇಸಿಗೇಲಿ ಸ್ವೆಟರಾ? ಊಟಿಗೆ ಹೊರಟ್ಯಾ?" ಎಂದೆ.

"ಯಾಕೋ ಚಳಿ ಆಗ್ತಿದೆ ರೀ. ಆ ಎಸಿ ಕಮ್ಮಿ ಮಾಡಿ ಅಂದ್ರೆ ನೀವು ಕೇಳಲ್ಲ."

"ಎಸಿ ಕಮ್ಮಿ ಮಾಡಿದ್ರೆ ತೇವ ಜಾಸ್ತಿ ಆಗತ್ತೆ ಅಂತ ನೀನೇ ಹೇಳಿದ್ದು. ನಾಲ್ಕು ಗಂಟೆಗೆ ಗಾಡಿ ಬರತ್ತೆ ಕಣೇ, ಬೇಗ ಮುಚ್ಚು."

"ಮುಚ್ತೀನಿ. ನೀವು ಸ್ವಲ್ಪ ಬಾಯಿ ಮುಚ್ಕೊಂಡಿದ್ರೆ ಇನ್ನೂ ಬೇಗ ಆಗತ್ತೆ."

ನಾನು ನಕ್ಕೆ. ಅವಳೂ ನಕ್ಕಳು.

ನಾವು ಮಾಡುವುದು ಡಬ್ಬಿ. ಸಮುದ್ರದ ಆಳಕ್ಕೆ ಇಳಿಸುವ ಕ್ಯಾಮೆರಾಕ್ಕೆ, ದೀಪಕ್ಕೆ ನೀರು ತಾಗದಂತೆ ಹಾಕುವ ಲೋಹದ ಕವಚ. ತಲಘಟ್ಟಪುರದ ಲೇತ್ ಅಂಗಡಿಯಲ್ಲಿ ಮಾಡಿಸಿ ತಂದ ದಪ್ಪ ಕೊಳವೆ, ಮುಂದೆ ಎರಡು ಬೆರಳು ದಪ್ಪದ ಗಾಜು, ಹಿಂದೆ ಒಂದು ಮುಚ್ಚಳ. ಮುಚ್ಚಳ ಕೊಳವೆಗೆ ಕೂರುವ ಕಡೆ ಒಂದು ಸಂದು, ಆ ಸಂದಿನಲ್ಲಿ ಒಂದು ರಬ್ಬರ್ ರಿಂಗು. ಕುಕ್ಕರಿನ ಗ್ಯಾಸ್ಕೆಟ್ ನೋಡಿದವರಿಗೆ ಇದು ಅರ್ಥವಾಗುತ್ತದೆ. ಅಲ್ಲಿ ಒತ್ತಡ ಒಳಗಿನಿಂದ, ಇಲ್ಲಿ ಹೊರಗಿನಿಂದ. ಸಾವಿರ ಮೀಟರ್ ಆಳದಲ್ಲಿ ಒಂದು ಉಗುರಿನಷ್ಟು ಜಾಗದ ಮೇಲೆ ನೂರು ಕೆಜಿ ಭಾರ ಕೂತ ಹಾಗಿರುತ್ತದೆ. ಅದನ್ನೆಲ್ಲ ತಡೆಯುವುದು ಆ ರಿಂಗು. ರಿಂಗಿನ ಮೇಲೆ ಒಂದು ಕೂದಲೆಳೆ ಅಡ್ಡ ಬಿದ್ದಿದ್ದರೂ ಸಾಕು, ಅದರ ಪಕ್ಕದಲ್ಲೇ ನೀರು ದಾರಿ ಮಾಡಿಕೊಳ್ಳುತ್ತದೆ.

ರಿಂಗು ಕೂರಿಸುವುದು ಅವಳ ಕೆಲಸ. ಕಣ್ಣು ಮುಚ್ಚಿ ತೋರುಬೆರಳನ್ನು ಸಂದಿನ ಸುತ್ತ ಒಂದು ಸುತ್ತು ಎಳೆದರೆ, ಕಣ್ಣಿಗೆ ಕಾಣದ ಗೀರು ಅವಳ ಬೆರಳಿಗೆ ಸಿಗುತ್ತಿತ್ತು. ಗಾಜಿನ ಕೋಣೆಯ ಬಾಗಿಲಿಗೆ ಅವಳೇ ಮಾರ್ಕರ್‌ನಲ್ಲಿ ಬರೆದಿದ್ದಳು: ಉಣ್ಣೆ ಬೇಡ. ಹೂ ಬೇಡ. ವಿಭೂತಿ ಬೇಡ. ಒಳಗೆ ಹೋಗುವ ಮುಂಚೆ ಹಣೆಯ ವಿಭೂತಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದಳು, ಹೊರಗೆ ಬಂದ ಕೂಡಲೇ ಹೊಸ್ತಿಲ ಪಕ್ಕದ ಭರಣಿಯಿಂದ ಮತ್ತೆ ಹಚ್ಚಿಕೊಳ್ಳುತ್ತಿದ್ದಳು. ದಿನಕ್ಕೆ ಐದಾರು ಸಲ. ಅಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪಿಸಿರಲಿಲ್ಲ. ಉಣ್ಣೆಯ ಮಾತನ್ನು ಅವಳೇ ಮುರಿದದ್ದು ಆ ದಿನ ಮಾತ್ರ. ನಾನದನ್ನು ಕಣ್ಣಾರೆ ನೋಡಿ, ತಮಾಷೆ ಮಾಡಿ ಸುಮ್ಮನಾದೆ.

ನಮ್ಮಲ್ಲಿ ಇನ್ನೊಂದು ನಿಯಮವಿತ್ತು. ಮುಚ್ಚಿದವರೇ ನೋಡಬಾರದು. ಒಬ್ಬರು ರಿಂಗು ಕೂರಿಸಿದ ಮೇಲೆ ಇನ್ನೊಬ್ಬರು ಭೂತಗನ್ನಡಿ, ಟಾರ್ಚು ಹಿಡಿದು ಪೂರ್ತಿ ಸುತ್ತು ನೋಡಬೇಕು, ಆಮೇಲೆಯೇ ಮುಚ್ಚಳ. ರಿಜಿಸ್ಟರಿನಲ್ಲಿ ಎರಡು ಕಲಂ: ಮುಚ್ಚಿದವರು, ನೋಡಿದವರು. ಅದರ ಒಂದು ಪ್ರತಿ ಡಬ್ಬಿಯ ಜೊತೆ ಹೋಗುತ್ತದೆ.

ಮೂರು ಗಂಟೆ ಹೊತ್ತಿಗೆ ಅವಳು ಗಾಜಿಗೆ ಬೆರಳಿನಿಂದ ಎರಡು ಸಲ ತಟ್ಟಿದಳು. ಬಂದು ನೋಡಿ ಎಂದು ಅದರ ಅರ್ಥ. ನಾನು ಫೋನಿನಲ್ಲಿದ್ದೆ. ಗಾಡಿಯವನು ಕದಿರೇನಹಳ್ಳಿ ಕ್ರಾಸಿನಲ್ಲಿ ದಾರಿ ತಪ್ಪಿ, "ಸಾರ್, ಯಾವ ದೇವಸ್ಥಾನ ಸಾರ್, ಇಲ್ಲಿ ಮೂರಿದೆ" ಎನ್ನುತ್ತಿದ್ದ. ಐದು ನಿಮಿಷ ಎಂದು ಕೈ ತೋರಿಸಿದೆ. ಅವಳು ಮತ್ತೆ ತಟ್ಟಿದಳು. ಮುಚ್ಚಿಬಿಡು ಎಂದು ಕೈಯಲ್ಲೇ ಹೇಳಿದೆ. "ನೋಡಲ್ವಾ?" ಎಂದು ಅವಳ ತುಟಿ ಆಡಿದ್ದು ಗಾಜಿನಾಚೆ ಕಂಡಿತು. ನಾನು ಮತ್ತೊಮ್ಮೆ ಕೈಬೀಸಿದೆ.

ಅವಳು ಮುಚ್ಚಿದಳು. ಎಂಟು ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿದಳು. ಪಂಪು ಹಚ್ಚಿ ಒಳಗಿನ ಗಾಳಿಯನ್ನು ಎಳೆದು ಅರ್ಧ ಗಂಟೆ ಗೇಜು ನೋಡಿದೆವು. ಮುಳ್ಳು ಅಲ್ಲಾಡಲಿಲ್ಲ. ತೀರ ಸಣ್ಣ ಸೋರಿಕೆಯನ್ನು ಮುಳ್ಳು ಹೇಳುವುದಿಲ್ಲ, ಅದಕ್ಕೆ ಕಣ್ಣೇ ಬೇಕು ಎಂದು ಅವಳು ಯಾವಾಗಲೂ ಹೇಳುತ್ತಿದ್ದಳು. ಕೊನೆಗೆ ಮುಚ್ಚಳಕ್ಕೂ ಕೊಳವೆಗೂ ಸೇರಿಸಿ ಮರೂನ್ ಬಣ್ಣದ ನೇಲ್ ಪಾಲಿಶಿನಲ್ಲಿ ಮೂರು ಕಡೆ ಗೆರೆ ಎಳೆದಳು. ಯಾರಾದರೂ ಬಿಚ್ಚಿದರೆ ಗೆರೆ ಮುರಿದಿರುತ್ತದೆ, ಗೊತ್ತಾಗುತ್ತದೆ. ಆ ಶೀಶೆಯನ್ನು ಅವಳು ಉಗುರಿಗೆ ಹಚ್ಚಿಕೊಂಡದ್ದನ್ನು ನಾನು ಕಂಡಿಲ್ಲ.

ಗಾಡಿ ಬಂತು. ಬಾನೆಟ್ಟಿನ ಮೇಲೆ ರಿಜಿಸ್ಟರ್ ಇಟ್ಟು 'ನೋಡಿದವರು' ಎಂಬ ಕಡೆ ಸಹಿ ಹಾಕಿದೆ.

ಮರುದಿನ ಬೆಳಿಗ್ಗೆ ಅವಳು ಎದ್ದು, ಗೋಡೆ ಹಿಡಿದು ನಿಂತು, ಅಲ್ಲೇ ಕುಸಿದು ಕೂತಳು. ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಚಳಿಜ್ವರ ಯಾವಾಗಿಂದ?" "ನೆನ್ನೆ ರಾತ್ರಿಯಿಂದ ಸಾರ್" ಎಂದೆ. ಆ ಕ್ಷಣಕ್ಕೆ ಅದೇ ನಿಜ ಎಂದುಕೊಂಡಿದ್ದೆ. ಸ್ವೆಟರ್ ನೆನಪಿಗೆ ಬರಲಿಲ್ಲ. ಸೋಂಕು ರಕ್ತಕ್ಕೆ ಹೋಗಿದೆ ಎಂದರು. ಸೋಮವಾರ ಮಧ್ಯಾಹ್ನ ಅವಳು ಹೋದಳು.

ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಹಣೆಗೆ ವಿಭೂತಿ ನಾನೇ ಹಚ್ಚಿದೆ. ಅದನ್ನು ಒರೆಸಿಕೊಳ್ಳುವ ಕೆಲಸ ಅವಳಿಗೆ ಇನ್ನಿರಲಿಲ್ಲ.

ಡಬ್ಬಿಯ ಜೊತೆ ಹಡಗಿಗೆ ನಮ್ಮ ಕಡೆಯಿಂದ ಒಬ್ಬರು ಹೋಗಬೇಕೆಂದು ಮೊದಲೇ ಮಾತಾಗಿತ್ತು. ಮೂರನೆಯ ವಾರ, ಡಬ್ಬಿ ಮಾಡಿಸಿಕೊಂಡಿದ್ದ ಸಂಶೋಧನಾ ಸಂಸ್ಥೆಯಿಂದ ಫೋನ್ ಬಂತು. ಹಡಗಿನ ದಿನ ಮುಂದೆ ಹೋಗುವುದಿಲ್ಲ, ಮಳೆಗಾಲಕ್ಕೆ ಮುಂಚೆ ಸಮುದ್ರ ಶಾಂತವಾಗಿರುವುದು ಕೆಲವೇ ದಿನ. ಬೇರೆ ಯಾರನ್ನಾದರೂ ಕಳಿಸುತ್ತೀರಾ ಎಂದು ಮೆತ್ತಗೆ ಕೇಳಿದರು. ಬೇರೆ ಯಾರೂ ಇರಲಿಲ್ಲ.

"ಹೋಗ್ಬನ್ನಿ ಭಾವ" ಎಂದ ಅವಳ ತಮ್ಮ. "ಇಲ್ಲಿ ಗೋಡೆ ನೋಡ್ಕೊಂಡು ಕೂತು ಏನ್ ಮಾಡ್ತೀರಾ? ಅಕ್ಕ ಮುಚ್ಚಿದ ಕೊನೇ ಡಬ್ಬಿ ಅದು. ಎಲ್ಲಿಗೆ ಇಳಿಯತ್ತೆ ನೋಡ್ಕೊಂಡ್ ಬನ್ನಿ."

ಕೊಚ್ಚಿಯಲ್ಲಿ ಹಡಗು ಹತ್ತಿದೆ. ಎರಡು ದಿನ ವಾಂತಿ ಮಾಡಿಕೊಂಡೆ. ಅದು ಒಳ್ಳೆಯದೇ ಆಯಿತು, ಬೇರೆ ಏನೂ ಯೋಚಿಸಲಾಗಲಿಲ್ಲ.

ನಾವು ಹೋದದ್ದು ಕಡಲಡಿಯ ಒಂದು ಬೆಟ್ಟಕ್ಕೆ. ಸಮುದ್ರದ ತಳದಿಂದ ಎದ್ದು, ನೀರಿನ ಮಟ್ಟಕ್ಕೆ ಎಂಟುನೂರು ಮೀಟರ್ ಇರುವಾಗಲೇ ನಿಂತುಬಿಟ್ಟ ಬೆಟ್ಟ. ಮೇಲಿನಿಂದ ನೋಡಿದರೆ ನೀರು ಬಿಟ್ಟು ಬೇರೇನೂ ಇಲ್ಲ. ಮುಖ್ಯ ವಿಜ್ಞಾನಿ ಜಯನಗರದಲ್ಲಿ ಬೆಳೆದ ಹೆಂಗಸು, ಕಡಿಮೆ ಮಾತು. ಮೊದಲ ದಿನವೇ ನನ್ನನ್ನು ಕೂರಿಸಿ ನಕ್ಷೆ ತೋರಿಸಿದರು.

"ಹವಳ ಅಂದ್ರೆ ಬಿಸಿಲಿರೋ ಕಡೆ ಬೆಳೆಯೋದು ಅಂತ ಎಲ್ರೂ ಅಂದ್ಕೊಂಡಿರ್ತಾರೆ. ಇಲ್ಲಿ ಬೆಳಕೇ ಇಲ್ಲ. ಕತ್ತಲಲ್ಲಿ, ತಣ್ಣೀರಲ್ಲಿ, ಹರಿವು ತಂದು ಕೊಟ್ಟಿದ್ದನ್ನ ತಿನ್ಕೊಂಡು ಬೆಳೀತವೆ. ಬೆರಳು ದಪ್ಪ ಆಗೋಕೆ ಮನುಷ್ಯನ ಒಂದು ಆಯಸ್ಸು ಸಾಲಲ್ಲ. ಒಂದ್ಸಲ ಬಲೆ ಎಳೆದ್ರೆ ಮುಗೀತು."

"ಕ್ಯಾಮೆರಾದಿಂದ ಏನ್ ಮಾಡ್ತೀರಾ ಮೇಡಂ?"

"ಎಲ್ಲೆಲ್ಲಿದೆ ಅಂತ ಚಿತ್ರ ಇಟ್ಟು ತೋರಿಸಿದ್ರೆ, ಈ ಜಾಗಕ್ಕೆ ಬಲೆ ಹಾಕ್ಬೇಡಿ ಅಂತ ಕೇಳ್ಬಹುದು. ಚಿತ್ರ ಇಲ್ದೆ ಇದ್ರೆ ನಮ್ಮ ಮಾತು ಯಾರೂ ಕೇಳಲ್ಲ. ಐದು ದಿನ ಸಿಕ್ಕಿದೆ, ಐದು ಡೈವ್."

ಕೇಬಲ್ಲಿನ ತುದಿಯಲ್ಲಿ ಇಳಿಯುವ, ಒಳಗೆ ಮನುಷ್ಯರಿಲ್ಲದ ಯಂತ್ರವನ್ನು ಹಡಗಿನವರು ಆರ್‌ಓವಿ ಎನ್ನುತ್ತಿದ್ದರು. ಒಂದು ಆಟೋ ಗಾತ್ರದ್ದು, ಹಳದಿ ಬಣ್ಣ. ಅದನ್ನು ಓಡಿಸುವ ಹುಡುಗ ಬಿಟಿಎಂ ಲೇಔಟಿನವನು. ದಾರಿ ನೋಡಿಕೊಳ್ಳಲು ಅದಕ್ಕೆ ಒಂದು ಸಣ್ಣ ಮಸುಕು ಕ್ಯಾಮೆರಾ ಇತ್ತು. ಹವಳವನ್ನು ಗುರುತಿಸಿ ಎಣಿಸುವಂಥ ಸ್ಪಷ್ಟ ಚಿತ್ರ ಕೊಡಬೇಕಾದದ್ದು ನಮ್ಮ ಡಬ್ಬಿಯೊಳಗಿನದು. ಬೆಳಿಗ್ಗೆ ಏಳಕ್ಕೆ ಕ್ರೇನು ಯಂತ್ರವನ್ನು ಎತ್ತಿ ಹಡಗಿನ ಹಿಂಬದಿಯಿಂದ ನೀರಿಗೆ ಬಿಡುತ್ತಿತ್ತು. ತಳ ಮುಟ್ಟಲು ಮುಕ್ಕಾಲು ಗಂಟೆ. ನಾವು ಡೆಕ್ಕಿನ ಮೇಲಿನ ಒಂದು ಕಂಟೇನರಿನಲ್ಲಿ ಪರದೆಗಳ ಮುಂದೆ ಕೂರುತ್ತಿದ್ದೆವು. ಚಿತ್ರಗಳನ್ನು ಪಟ್ಟಿ ಮಾಡುತ್ತಿದ್ದವಳು ಅರೆಕೆರೆಯ ಒಬ್ಬ ಸಂಶೋಧನಾ ವಿದ್ಯಾರ್ಥಿನಿ. ಹತ್ತಿದ ದಿನದಿಂದಲೂ ನನ್ನನ್ನು ಅಂಕಲ್ ಎನ್ನುತ್ತಿದ್ದಳು.

ಮೊದಲ ದಿನ ಡಬ್ಬಿಯನ್ನು ಯಂತ್ರಕ್ಕೆ ಕೂರಿಸುವಾಗ ಮರೂನ್ ಗೆರೆಗಳನ್ನು ನೋಡಿದೆ. ಮೂರೂ ಹಾಗೇ ಇದ್ದವು. ಒಳಗಿರುವುದು ಪದ್ಮನಾಭನಗರದ ಗಾಳಿ, ಅವಳು ಉಸಿರಾಡಿದ ಕೋಣೆಯ ಗಾಳಿ ಎಂದು ಆಗ ಹೊಳೆಯಿತು. ಹೊಳೆದ ಮೇಲೆ ಅದನ್ನು ತಲೆಯಿಂದ ತೆಗೆಯಲಾಗಲಿಲ್ಲ.

ಏಳುನೂರು ಮೀಟರ್‌ವರೆಗೆ ಚಿತ್ರ ಕನ್ನಡಿಯಂತಿತ್ತು. ತಳದ ಮರಳು ಕಾಣುವ ಹೊತ್ತಿಗೆ ಪರದೆಯ ಅಂಚಿನಿಂದ ಬಿಳಿ ಕವಿಯತೊಡಗಿತು.

"ಮಗಾ, ಫೋಕಸ್ ಹೋಯ್ತಾ ನೋಡು" ಎಂದ ಓಡಿಸುವವನು.

"ಫೋಕಸ್ ಅಲ್ಲ ಗುರು, ಮಂಜು ಕೂತಿದೆ" ಎಂದಳು ವಿದ್ಯಾರ್ಥಿನಿ. "ಅಂಕಲ್, ಒಳಗಡೆ ಮಂಜು ಅಲ್ವಾ ಇದು?"

"ಹೊರಗಿನ ಗಾಜಿಗೆ ಏನೋ ಅಂಟಿರ್ಬೇಕಮ್ಮ" ಎಂದೆ.

ಮಂಜು ಒಳಗೇ ಇದೆ ಎಂದು ನನಗೆ ಆಗಲೇ ಗೊತ್ತಾಗಿತ್ತು. ಒಳಗೆ ತೇವ ಸೇರಿದ್ದರೆ, ತಳದ ತಣ್ಣೀರಿನಲ್ಲಿ ಗಾಜು ತಣಿದಾಗ ಅದು ಮಂಜಾಗಿ ಕೂರುತ್ತದೆ. ಯಂತ್ರ ಮೇಲೆ ಬಂದಾಗ ಗಾಜನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ, ಎಲ್ಲರಿಗೂ ಕಾಣುವ ಹಾಗೆ ಒರೆಸಿದೆ.

ಎರಡನೆಯ ಡೈವ್ ದಕ್ಷಿಣದ ಇಳಿಜಾರಿಗೆ. ಐನೂರು ಮೀಟರಿಗೇ ಮಂಜು. ಡಬ್ಬಿಯೊಳಗಿನ ತೇವ ತೋರಿಸುವ ಅಂಕಿ ಏರುತ್ತಿತ್ತು. "ಆ ಸೆನ್ಸರ್ ಮೊದಲಿಂದಲೂ ಹಾಗೇ" ಎಂದೆ. ಅದೂ ಸುಳ್ಳು. ಡೆಕ್ಕಿನ ಬಿಸಿಲಿನಿಂದ ಹೀಗಾಗುತ್ತಿದೆ ಎಂದು ಡಬ್ಬಿಗೆ ಒದ್ದೆ ಗೋಣಿ ಸುತ್ತಿ ನೆರಳಿನಲ್ಲಿಟ್ಟೆ. ಹಡಗಿನವರು ನನ್ನ ಮಾತು ನಂಬಿ ನೀರು ತಂದು ಸುರಿದರು.

ಆಳಕ್ಕೆ ಹೋದಾಗ ಒತ್ತಡವೇ ರಿಂಗನ್ನು ಸಂದಿಗೆ ಒತ್ತಿ ಹಿಡಿಯುತ್ತದೆ. ಸಣ್ಣ ಸೋರಿಕೆ ಆಗುವುದು ಇಳಿಯುವಾಗ, ಏರುವಾಗ, ಮೇಲಿನ ನೀರಿನಲ್ಲಿ. ಅಂದರೆ ಒಂದೊಂದು ಡೈವಿಗೂ ಕೆಲವು ಹನಿ. ಆ ಹನಿಗಳು ಉಪ್ಪುನೀರು, ಒಳಗಿನ ಸರ್ಕ್ಯೂಟನ್ನು ತಿನ್ನುತ್ತವೆ. ಬಿಚ್ಚಿದರೆ ಮಾತ್ರ ಉಳಿಯುತ್ತದೆ. ಇದೆಲ್ಲ ಗೊತ್ತಿದ್ದೂ ನಾನು ಗೋಣಿ ಒದ್ದೆ ಮಾಡುತ್ತಾ ಕೂತಿದ್ದೆ. ಅವಳು ಎಳೆದ ಗೆರೆ ಮುರಿಯಲು ಕೈ ಬರುತ್ತಿರಲಿಲ್ಲ. ನೋಡದೆ ಸಹಿ ಹಾಕಿದ್ದು ಹೊರಬೀಳುತ್ತದೆ ಎಂಬ ಭಯವೂ ಇತ್ತು. ಎರಡೂ ನಿಜ. ಯಾವುದು ದೊಡ್ಡದಾಗಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಮೂರನೆಯ ಡೈವ್ ಬೆಟ್ಟದ ಪೂರ್ವದ ಭುಜಕ್ಕೆ. ದಾರಿ ನೋಡುವ ಸಣ್ಣ ಕ್ಯಾಮೆರಾದಲ್ಲಿ ಇದ್ದಕ್ಕಿದ್ದಂತೆ ಪೊದೆಗಳು ಕಂಡವು. ಒಂದರ ಹಿಂದೆ ಒಂದು, ದೀಪ ಹೋದಷ್ಟು ದೂರಕ್ಕೂ. ಬೀಸಣಿಗೆಯಂಥವು, ಮೇಲೆ ನುಲಿದುಕೊಂಡಂಥವು. ಕಂಟೇನರಿನಲ್ಲಿ ಎಲ್ಲರೂ ಎದ್ದು ನಿಂತರು.

"ತೋಟ ಗುರು ಇದು, ತೋಟ!" ಎಂದ ಓಡಿಸುವವನು. "ಲಾಲ್‌ಬಾಗ್ ಸೈಡಿಗಿಡು."

"ಮೇನ್ ಕ್ಯಾಮೆರಾ ಹಾಕು, ಬೇಗ" ಎಂದರು ಮುಖ್ಯ ವಿಜ್ಞಾನಿ.

ಹಾಕಿದರು. ದೊಡ್ಡ ಪರದೆ ತುಂಬ ಹಾಲು. ಅದರ ಮೇಲೆ ಒಂದು ಹನಿ ನಿಧಾನವಾಗಿ ಓರೆಯಾಗಿ ಇಳಿದು ಹೋಯಿತು. ಎಲ್ಲರೂ ಅದನ್ನು ನೋಡಿದರು. ಯಾರೂ ನನ್ನ ಕಡೆ ತಿರುಗಲಿಲ್ಲ. ಎರಡೂವರೆ ಗಂಟೆ ಆ ತೋಟದ ಮೇಲೆ ಯಂತ್ರ ಓಡಿತು, ಒಂದು ಚಿತ್ರವೂ ಸಿಗಲಿಲ್ಲ. ವಿದ್ಯಾರ್ಥಿನಿ ಪಟ್ಟಿಯಲ್ಲಿ ಒಂದೊಂದು ಸಾಲಿಗೂ 'ಬಳಸಲಾಗದು' ಎಂದು ಬರೆಯುತ್ತಿದ್ದಳು. ಕೀಬೋರ್ಡಿನ ಸದ್ದು ನನಗೆ ಕೇಳುತ್ತಿತ್ತು.

ಸಂಜೆಗೆ ಮುಂಚೆ ಲ್ಯಾಬಿನಲ್ಲಿ ಮುಖ್ಯ ವಿಜ್ಞಾನಿ ದಿನದ ವರದಿ ಬರೆಸಲು ಕೂತರು. ಹವಾಮಾನದ ಸಂದೇಶ ಬಂದಿತ್ತು, ಗಾಳಿ ಏಳುತ್ತಿದೆ. ಇನ್ನೊಂದು ಡೈವ್ ಸಿಕ್ಕರೆ ಪುಣ್ಯ. ವಿದ್ಯಾರ್ಥಿನಿ ಡಬ್ಬಿಯ ಪೆಟ್ಟಿಗೆಯಿಂದ ನಮ್ಮ ರಿಜಿಸ್ಟರಿನ ಪ್ರತಿ ತೆಗೆದು ಓದಿದಳು.

"ಮೇಡಂ, ಇಲ್ಲಿ ಎರಡು ಸಹಿ ಇದೆ. 'ನೋಡಿದವರು' ಅನ್ನೋ ಕಡೆ ಅಂಕಲ್ ಸಹಿ. ರಿಂಗ್ ಎಲ್ಲ ಚೆಕ್ ಆಗಿದೆ."

"ಹಾಗಾದ್ರೆ ನೋಡಿದಾಗ ಸರಿ ಇತ್ತು" ಎಂದರು ಅವರು. "ಅದಾದ್ಮೇಲೆ ಮುಚ್ಚುವಾಗ ಏನೋ ಎಡವಟ್ಟಾಗಿದೆ. ಮುಚ್ಚಿದವರ ತಪ್ಪು ಅಂತ ಬರ್ಕೋ. ಸಹಿ ಯಾರದ್ದು ಅದು?"

ಅವಳು ಸಹಿ ಓದಲು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನನ್ನ ಹೆಂಡತಿ ಕನ್ನಡದಲ್ಲೇ ಸಹಿ ಮಾಡುತ್ತಿದ್ದಳು, ಪೂರ್ತಿ ಹೆಸರು, ಮಕ್ಕಳ ಕೈಬರಹದ ಹಾಗೆ ದುಂಡಗೆ.

"ಬರೀಬೇಡಮ್ಮ" ಎಂದೆ.

ಇಬ್ಬರೂ ತಿರುಗಿದರು.

"ಮುಚ್ಚಿದ್ದು ನನ್ನ ಹೆಂಡತಿ. ಅವಳು ಬಂದು ನೋಡಿ ಅಂತ ಎರಡು ಸಲ ಕರೆದ್ಲು. ನಾನು ಹೋಗ್ಲಿಲ್ಲ. ನೋಡದೇನೇ ಸಹಿ ಹಾಕ್ದೆ. ತಪ್ಪು ಅಂತ ಬರೆಯೋದಾದ್ರೆ ನಂದು ಬರೀರಿ."

ನನ್ನ ಹೆಂಡತಿ ತೀರಿಕೊಂಡ ವಿಷಯ ಅವರಿಗೆ ಗೊತ್ತಿತ್ತು. ಡಬ್ಬಿ ಮುಚ್ಚಿದವಳು ಅವಳೇ ಎಂಬುದು ಗೊತ್ತಿರಲಿಲ್ಲ.

"ಮೂರು ಡೈವ್ ಆದ್ಮೇಲೆ ಹೇಳ್ತಿದ್ದೀರಲ್ಲ" ಎಂದರು ಮುಖ್ಯ ವಿಜ್ಞಾನಿ. ದನಿ ಏರಿರಲಿಲ್ಲ.

"ಹೌದು ಮೇಡಂ."

"ಮೊದಲನೇ ದಿನಾನೇ ಹೇಳಿದ್ರೆ?"

"ಅವತ್ತೇ ಬಿಚ್ಚಿ ಸರಿ ಮಾಡ್ಬಹುದಿತ್ತು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. "ನಾಳೆ ಬೆಳಿಗ್ಗೆ ಬಿಚ್ಚಿ" ಎಂದಷ್ಟೇ ಹೇಳಿದರು. "ನಾಡಿದ್ದು ಒಂದು ಡೈವ್ ಕೊಡ್ತಾರೇನೋ ಕ್ಯಾಪ್ಟನ್‌ನ ಕೇಳ್ತೀನಿ."

ಬೆಳಿಗ್ಗೆ ಡಬ್ಬಿಯನ್ನು ಸಿಹಿನೀರಿನಲ್ಲಿ ಮೂರು ಸಲ ತೊಳೆದು, ಒರೆಸಿ ಒಣಗಿಸಿದೆ. ಲ್ಯಾಬಿನ ಒಂದು ಮೂಲೆಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ ಗಾಜಿನ ಕೋಣೆಯಂತೆ ಮಾಡಿದೆವು. ಒಳಗೆ ಕಾಲಿಡುವ ಮುಂಚೆ ಒದ್ದೆ ಬಟ್ಟೆಯಲ್ಲಿ ಹಣೆ ಒರೆಸಿಕೊಂಡೆ.

"ಯಾಕೆ ಅಂಕಲ್?" ಎಂದಳು ವಿದ್ಯಾರ್ಥಿನಿ.

"ವಿಭೂತಿ ಪುಡಿ ಉದುರತ್ತೆ."

ಅವಳು ತನ್ನ ಹಣೆಯ ಸ್ಟಿಕ್ಕರ್ ಬೊಟ್ಟು ತೆಗೆದು ಕಿಟಕಿಗೆ ಅಂಟಿಸಿದಳು.

ಡಬ್ಬಿಯನ್ನು ಬಿಚ್ಚುವ ಮುಂಚೆ ಪಕ್ಕದ ಸಣ್ಣ ಸ್ಕ್ರೂ ಸಡಿಲಿಸಿ ಒಳಗಿನ, ಹೊರಗಿನ ಒತ್ತಡ ಒಂದು ಮಾಡಬೇಕು. ಸಡಿಲಿಸುವಾಗ ನಾನು ಮುಖವನ್ನು ಹತ್ತಿರ ತಂದಿದ್ದೆ. ಅವಳ ಕೋಣೆಯ ಗಾಳಿ ಒಂದು ಕ್ಷಣ ಮುಖಕ್ಕೆ ತಾಗುತ್ತದೆ ಎಂದುಕೊಂಡಿದ್ದೆ. ಇಪ್ಪತ್ತು ವರ್ಷ ಈ ಕೆಲಸ ಮಾಡಿದವನು ಮರೆಯಬಾರದ್ದನ್ನು ಮರೆತಿದ್ದೆ. ನಾವು ಒಳಗಿನ ಗಾಳಿಯನ್ನು ಪಂಪಿನಲ್ಲಿ ಎಳೆದು ಕಳಿಸಿದ್ದೆವು. ಅಲ್ಲಿಂದ ಏನೂ ಬರಲಿಲ್ಲ. ಡಬ್ಬಿಯೇ ಹಡಗಿನ ಗಾಳಿಯನ್ನು ಸುಯ್ಯೆಂದು ಎಳೆದುಕೊಂಡಿತು. ಆ ಸದ್ದು ಇರಬೇಕಾದಷ್ಟು ಹೊತ್ತೂ ಇರಲಿಲ್ಲ.

ಬೋಲ್ಟುಗಳನ್ನು ಎದುರುಬದುರಾಗಿ ಸಡಿಲಿಸಿದೆ. ಮುಚ್ಚಳ ಎದ್ದು ಬರುತ್ತಿದ್ದಂತೆ ಮರೂನ್ ಗೆರೆಗಳು ಒಂದೊಂದಾಗಿ ಸೀಳಿ, ಚೂರು ಚಕ್ಕೆ ಮೇಜಿನ ಮೇಲೆ ಉದುರಿತು. ಒಳಗೆ ಎರಡು ಚಮಚದಷ್ಟು ನೀರು. ನಾನು ಟಾರ್ಚು ಹಿಡಿದೆ, ಭೂತಗನ್ನಡಿ ವಿದ್ಯಾರ್ಥಿನಿಗೆ ಕೊಟ್ಟೆ.

"ಇಲ್ಲಿದೆ" ಎಂದಳು. "ರಿಂಗಿನ ಮೇಲೆ ಅಡ್ಡ. ದಾರ ಥರ. ಹಸಿರು. ಉಣ್ಣೆ ಅಲ್ವಾ ಅಂಕಲ್ ಇದು? ಆ ಬಿಸಿಲಲ್ಲಿ ಬೆಂಗಳೂರಲ್ಲಿ ಸ್ವೆಟರ್ ಯಾರ್ ಹಾಕ್ಕೋತಾರೆ?"

ಟಾರ್ಚನ್ನು ಅದರ ಮೇಲೇ ಹಿಡಿದಿದ್ದೆ.

ಚಳಿಜ್ವರ ಯಾವಾಗಿಂದ ಎಂದು ಡಾಕ್ಟರ್ ಕೇಳಿದ್ದರು. ಶುಕ್ರವಾರ ಮಧ್ಯಾಹ್ನದಿಂದ. ಅದಕ್ಕೆ ಗುರುತು ಇಲ್ಲಿತ್ತು, ಅಕ್ಕಿಕಾಳಿನಷ್ಟು ಉದ್ದ. ಆ ಟಾರ್ಚು ಹಿಡಿದು ನಾನು ಮೂರು ಗಂಟೆಗೆ ಕೋಣೆಯೊಳಗೆ ಹೋಗಿದ್ದರೆ ಈ ಎಳೆ ಸಿಗುತ್ತಿತ್ತು. ಎಳೆ ಸಿಕ್ಕಿದ್ದರೆ, ಉಣ್ಣೆ ಹಾಕ್ಕೊಂಡು ಒಳಗೆ ಬಂದೆಯಾ ಎಂದು ಅವಳ ಮೇಲೆ ರೇಗುತ್ತಿದ್ದೆ. ರೇಗಿ ತೋಳು ಹಿಡಿದಿದ್ದರೆ ಮೈ ಸುಡುತ್ತಿದ್ದದ್ದು ಗೊತ್ತಾಗುತ್ತಿತ್ತು. ಅವಳು ತಟ್ಟಿ ಕರೆದದ್ದು ರಿಂಗು ನೋಡಲಿಕ್ಕೆ ಮಾತ್ರವೇ ಎಂಬುದೂ ನನಗೆ ಗೊತ್ತಿಲ್ಲ.

"ಅಂಕಲ್?"

"ಹಿಡಿ" ಎಂದು ಟಾರ್ಚನ್ನು ಅವಳಿಗೆ ಕೊಟ್ಟು, ಚಿಮಟದಿಂದ ಎಳೆ ತೆಗೆದು, ಸೆಲೋಟೇಪಿನಲ್ಲಿ ರಿಜಿಸ್ಟರಿನ ಪ್ರತಿಗೆ ಅಂಟಿಸಿದೆ. ವರದಿಯ ಜೊತೆ ಹೋಗಬೇಕಲ್ಲ.

ಆಮೇಲಿನದು ಕೆಲಸ. ಸರ್ಕ್ಯೂಟನ್ನು ಡಿಸ್ಟಿಲ್ಡ್ ನೀರಿನಲ್ಲಿ, ಆಮೇಲೆ ಸ್ಪಿರಿಟ್ಟಿನಲ್ಲಿ ತೊಳೆದು ಬಿಸಿಗಾಳಿಯಲ್ಲಿ ಒಣಗಿಸಿದೆ. ಒಂದು ಮೂಲೆಯಲ್ಲಿ ಹಸಿರು ತುಕ್ಕು ಹಿಡಿದಿತ್ತು, ಬ್ರಷ್ಷಿನಲ್ಲಿ ಉಜ್ಜಿದೆ. ತೇವ ಹೀರುವ ಹೊಸ ಪುಡಿಚೀಲ ಇಟ್ಟೆ. ಹೊಸ ರಿಂಗಿಗೆ ಗ್ರೀಸು ಸವರಿದೆ, ಹೊಳಪು ಬರುವಷ್ಟು ಮಾತ್ರ, ಅದಕ್ಕಿಂತ ಹೆಚ್ಚಾದರೆ ಅದೇ ಕಸ ಹಿಡಿಯುತ್ತದೆ. ಕಣ್ಣು ಮುಚ್ಚಿ ಬೆರಳನ್ನು ಸಂದಿನ ಸುತ್ತ ಎಳೆದೆ. ನನ್ನ ಬೆರಳಿಗೆ ಏನೂ ಸಿಗಲಿಲ್ಲ. ಅವಳಂಥ ಬೆರಳು ನನ್ನದಲ್ಲ.

"ಈಗ ನೀನು ನೋಡು" ಎಂದೆ. "ಗಡಿಯಾರದ ಹನ್ನೆರಡರಿಂದ ಶುರು ಮಾಡಿ ಹನ್ನೆರಡಕ್ಕೆ ವಾಪಸ್. ನಾನು ಅವಸರ ಮಾಡಿದ್ರೂ ಅವಸರ ಮಾಡ್ಬೇಡ."

ಅವಳು ನೋಡಿದಳು. ಏಳರ ಹತ್ತಿರ ನಿಂತಳು. "ಏನೋ ಇದೆ ಅಂಕಲ್. ಬಿಳೀದು."

ನಾನು ನೋಡಿದೆ, ನನಗೆ ಕಾಣಲಿಲ್ಲ. ಅವಳು ಚಿಮಟದಿಂದ ತೆಗೆದು ಕಪ್ಪು ಕಾಗದದ ಮೇಲಿಟ್ಟಳು. ನನ್ನ ಹುಬ್ಬಿನ ಕೂದಲು, ನರೆತದ್ದು. ಮತ್ತೆ ಮೊದಲಿನಿಂದ ಎಲ್ಲ ಮಾಡಿದೆವು. ಕಡೆಗೆ ಮುಚ್ಚಿದೆ. ಗೆರೆ ಎಳೆಯಲು ನೇಲ್ ಪಾಲಿಶ್ ಇರಲಿಲ್ಲ. ಅವಳ ಬಳಿ ಇದ್ದದ್ದು ನೀಲಿ, ಅದರಲ್ಲೇ ಎಳೆದಳು.

ನಾಲ್ಕನೆಯ ಡೈವಿಗೆ ಕ್ಯಾಪ್ಟನ್ ಮೂರು ಗಂಟೆ ಕೊಟ್ಟರು. ಅಲೆ ಎದ್ದಿದ್ದರಿಂದ ಪೂರ್ವದ ಭುಜಕ್ಕೆ ಹೋಗುವ ಹಾಗಿರಲಿಲ್ಲ, ಆ ಕಡೆ ಸುಳಿನೀರು. ತುದಿಯ ಮೇಲೆ ಮಾತ್ರ ಇಳಿಯಬಹುದು ಎಂದರು. ಇಳಿಯಿತು. ಏಳುನೂರು. ಎಂಟುನೂರು. ಪರದೆಯ ಅಂಚನ್ನೇ ನೋಡುತ್ತಾ ಕೂತೆ. ಮಂಜು ಬರಲಿಲ್ಲ.

ತುದಿಯಲ್ಲಿ ಹೆಚ್ಚಾಗಿ ಬರಿಯ ಕಲ್ಲು. ಒಂದು ಬಂಡೆಯ ಅಂಚಿನಲ್ಲಿ ಒಂದೇ ಒಂದು ಹವಳ ನಿಂತಿತ್ತು. ಆಳೆತ್ತರ, ಕಿತ್ತಳೆ ಬಣ್ಣ, ಕೊಂಬೆಕೊಂಬೆಯಲ್ಲೂ ಸಣ್ಣ ಸಣ್ಣ ಹೂವಿನಂಥ ಬಾಯಿಗಳು ನೀರಿನ ಕಡೆಗೆ ತೆರೆದುಕೊಂಡಿದ್ದವು. ಒಂದೊಂದನ್ನೂ ಎಣಿಸಬಹುದಿತ್ತು. ಓಡಿಸುವವನು ಯಂತ್ರವನ್ನು ಅದರ ಮುಂದೆ ಅಲ್ಲಾಡದಂತೆ ನಿಲ್ಲಿಸಿದ. ಯಾರೂ ತಮಾಷೆ ಮಾಡಲಿಲ್ಲ.

"ಚೆನ್ನಾಗ್ ಬರ್ತಿದೆ" ಎಂದರು ಮುಖ್ಯ ವಿಜ್ಞಾನಿ. ಆಮೇಲೆ ಮೆಲ್ಲಗೆ, ಯಾರಿಗೂ ಅಲ್ಲದ ಹಾಗೆ, "ಪೂರ್ವದ ಕಡೆ ಇಂಥವು ಎಷ್ಟಿದ್ದವೋ" ಎಂದರು.

ಐದನೆಯ ಡೈವ್ ಆಗಲಿಲ್ಲ. ವರದಿಯಲ್ಲಿ ಅವರು ನಾನು ಹೇಳಿದ್ದನ್ನೇ ಬರೆದರು. ಒಂದು ಪದ ಬಿಡಲಿಲ್ಲ, ಒಂದು ಪದ ಸೇರಿಸಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ನನ್ನ ಹೆಂಡತಿಯ ತಮ್ಮನಿಗೆ ಸ್ವೆಟರಿನ ವಿಷಯ ಹೇಳಿದೆ. ಬನಶಂಕರಿಯ ಅವರ ಮನೆಯ ಮೆಟ್ಟಿಲ ಮೇಲೆ ಕೂತಿದ್ದೆವು.

"ಶುಕ್ರವಾರಾನೇನಾ ಭಾವ?" ಎಂದ.

"ಶುಕ್ರವಾರ ಮಧ್ಯಾಹ್ನ."

ಅವನು ತಲೆಯಾಡಿಸಿದ. ಎದ್ದು ಒಳಗೆ ಹೋದ. ಅಲ್ಲಿಂದೀಚೆಗೆ ಫೋನ್ ಮಾಡಿಲ್ಲ. ನಾನೂ ಮಾಡಿಲ್ಲ.

ಸ್ವೆಟರ್ ಬೀರುವಿನಲ್ಲಿದೆ. ಎಡತೋಳಿನ ಅಂಚಿನಲ್ಲಿ ಒಂದು ಕಡೆ ಹೆಣಿಗೆ ಕಿತ್ತಿದೆ. ವರ್ಕ್‌ಶಾಪಿನ ಬಾಗಿಲು ದಿನಾ ತೆರೆಯುತ್ತಿದ್ದೇನೆ. ಹೋದ ವಾರ ಒಂದು ದೀಪದ ಡಬ್ಬಿ ಮುಚ್ಚಿದೆ. ಹಣೆ ಒರೆಸಿಕೊಂಡು ಒಳಗೆ ಹೋದೆ, ಎಂಟು ಬೋಲ್ಟು ಬಿಗಿದೆ, ಅರ್ಧ ಗಂಟೆ ಮುಳ್ಳು ನೋಡಿದೆ, ಮರೂನ್ ಗೆರೆ ಎಳೆದೆ. ಡಬ್ಬಿಯನ್ನು ಇನ್ನೂ ಕಳಿಸಿಲ್ಲ, ಮೇಜಿನ ಮೇಲಿದೆ.

ಬೆಟ್ಟದ ಪೂರ್ವದ ಭುಜದ ಚಿತ್ರಗಳಿಲ್ಲ. ರಿಜಿಸ್ಟರಿನಲ್ಲಿ 'ಮುಚ್ಚಿದವರು' ಎಂಬ ಕಡೆ ನನ್ನ ಸಹಿ ಇದೆ. 'ನೋಡಿದವರು' ಎಂಬ ಕಡೆ ಸಹಿ ಇಲ್ಲ.